ಕಾಂತ ಬಿಟ್ಟ ಕೈ

ಸದ್ದಿಲ್ಲ, ಗೋಡೆಯಾಚೆ ಯಂತ್ರವನ್ನು ತಂಪಾಗಿಡಲು ಹಗಲೂ ಇರುಳೂ ಚಿಕ್ ಚಿಕ್ ಎನ್ನುತ್ತಿದ್ದ ಪಂಪು ಉಸಿರೇ ಎತ್ತುತ್ತಿಲ್ಲ, ರೋಗಿಗಳು ಕಾಯುವ ಬೆಂಚಿನ ಮೇಲೆ ಇವತ್ತು ಅವಳೇ ಕಾಯುತ್ತಿದ್ದಾಳೆ, ಅವಳೇ ನಡೆಸುತ್ತಿದ್ದ ಎಂಆರ್‌ಐ ಸ್ಕ್ಯಾನ್ ಯಂತ್ರ ಸತ್ತಿದೆ, ಕೊಂದವಳು ತಾನು, ಕ್ಯಾಂಟೀನಿನವನ ಬಾಯಲ್ಲೂ ಅದೇ, ಮೇಡಂ ಗುಂಡಿ ಒತ್ತಿ ಆಸ್ಪತ್ರೇನೇ ಮುಳುಗಿಸಿಬಿಟ್ರಂತೆ— ಅರೆ ತೆರೆದ ಬಾಗಿಲ ಒಳಗೆ ವಿಚಾರಣೆ, ಅವಳ ಸರದಿ ಮುಗಿದು ಈಗ ಮೀಸೆ ಅಣ್ಣನ ಸರದಿ, ಅಟೆಂಡರ್ ಮೀಸೆ ಅಣ್ಣ, ಒಡಹುಟ್ಟಿದವರೂ ಕರೆಯದಷ್ಟು ಅಕ್ಕರೆಯಿಂದ ತಂಗೀ ಎನ್ನುವವನು, ಅವಳು ಬಸುರಿಯಾಗಿದ್ದಾಗ ಒಂದು ದಿಂಬನ್ನೂ ಎತ್ತಗೊಡದೆ, ಕೂತ್ಕೋ ತಂಗೀ, ಯಂತ್ರ ಏನು ಎದ್ದು ಓಡಿಹೋಗಲ್ಲ ಎಂದು ನಗಿಸುತ್ತಿದ್ದವನು. ಹೇಳುತ್ತಾನೆ, ಅಣ್ಣ ಹೇಳೇ ಹೇಳುತ್ತಾನೆ.

ಆ ಮಧ್ಯಾಹ್ನ ಸ್ಟ್ರೆಚರ್ ಮೇಲೆ ಅಪಘಾತದ ರೋಗಿ, ಹಿಂದಿನಿಂದ ದೊಡ್ಡ ಡಾಕ್ಟರು ಬೇಗ ಬೇಗ ಎಂದು ಬೆನ್ನು ಹತ್ತಿದ್ದರು, ಯಂತ್ರದ ಕಾಂತ ಕಬ್ಬಿಣವನ್ನು ಸೆಳೆಯುತ್ತದೆಂದು ಬೀಗದ ಕೈಯನ್ನೂ ಹೊರಗೇ ಇಟ್ಟು ಬರುವ ಅಣ್ಣ ಕಬ್ಬಿಣದ ಆಕ್ಸಿಜನ್ ಸಿಲಿಂಡರನ್ನು ತಬ್ಬಿಕೊಂಡು ನೇರ ಒಳಗೆ ಬಂದ— ಧಡ್, ಸಿಲಿಂಡರ್ ಅವನನ್ನೇ ಎಳೆದೊಯ್ದು ಯಂತ್ರದ ಬಾಯಿಗೆ ಕಚ್ಚಿಕೊಂಡಿತು, ನಡುವೆ ಅವನ ಮುಂಗೈ, ಮೇನ್ ಆಫ್ ಮಾಡು ತಂಗೀ, ಆಫ್ ಮಾಡು, ಎಲ್ಲಿಯ ಮೇನು, ಒಳಗಿನ ಸುರುಳಿ ದ್ರವ ಹೀಲಿಯಂನಲ್ಲಿ ಮುಳುಗಿ ಕೊರೆಯುತ್ತಿರುವಷ್ಟು ಕಾಲ ಒಮ್ಮೆ ಹರಿಸಿದ ವಿದ್ಯುತ್ತು ತಡೆಯೇ ಇಲ್ಲದೆ ಸುತ್ತುತ್ತಲೇ ಇರುತ್ತದೆ, ಊರಿಗೆಲ್ಲ ಕತ್ತಲಾದರೂ ಕಾಂತದ ಹಿಡಿತ ಸಡಿಲದು, ಅತಿವಾಹಕ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದಳು, ಆ ದಿನ ಕಣ್ಣಾರೆ ಕಂಡಳು. ಎಲ್ಲರೂ ಸೇರಿ ಜಗ್ಗಿದರೂ ಕದಲಲಿಲ್ಲ. ಗೋಡೆ ಮೇಲಿನ ಕೆಂಪು ಗುಂಡಿ ಮುಟ್ಟಬೇಡಿ, ಹೀಲಿಯಂ ಎಲ್ಲಾ ಹಾರಿ ಯಂತ್ರಾನೇ ಹಾಳಾಗುತ್ತೆ, ಕಂಪನಿಯವರು ಬಂದು ಕಾಂತದ ಶಕ್ತೀನ ನಿಧಾನಕ್ಕೆ ಇಳಿಸ್ತಾರೆ, ನಾಳೆ ಬರ್ತಾರೆ, ದೊಡ್ಡ ಡಾಕ್ಟರ ದನಿ— ನಾಳೆ, ಅಂಗೈ ಆಗಲೇ ನೀಲಿಗಟ್ಟಿದೆ, ಅಣ್ಣ ಕೂಗುವುದನ್ನೂ ನಿಲ್ಲಿಸಿ ಬರೀ ಅವಳನ್ನೇ ನೋಡುತ್ತಿದ್ದಾನೆ, ಕೆಂಪು ಗುಂಡಿಯ ಮುಚ್ಚಳ ಕಿತ್ತು ಒತ್ತಿದಳು. ಬುಸ್ಸೆಂದು ಕಟ್ಟಡವೇ ಅದುರಿತು, ಹೀಲಿಯಂ ಕುದಿದು ಕೊಳವೆಯಲ್ಲಿ ನುಗ್ಗಿ ತಾರಸಿಯ ಮೇಲೆ ಬಿಳಿ ಮೋಡ, ಬೀದಿಯ ಜನ ಬೆಂಕಿ ಬೆಂಕಿ ಎಂದು ಓಡಿದರಂತೆ, ಹಿಡಿತ ಸತ್ತು ಕೈ ಹೊರಗೆ ಬಂತು, ಮೂಳೆ ಮುರಿದಿರಲಿಲ್ಲ, ಅಣ್ಣನ ಹೆಂಡತಿ ಅವಳನ್ನು ತಬ್ಬಿ ಅತ್ತಳು, ನೀವಿಲ್ದಿದ್ರೆ ಇವರ ಕೈ ಹೋಗ್ತಿತ್ತು.

ಈಗ ಒಳಗೆ ಡೈರೆಕ್ಟರ ದನಿ ಬೆಣ್ಣೆಯಂತೆ ನುಣ್ಣಗಿದೆ, ಸಿಲಿಂಡರ್ ತಂದಿದ್ದು ಯಾರು ಅನ್ನೋದು ನಮಗೆ ಬೇಡ, ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ, ಗುಂಡಿ ಒತ್ತೋ ಅಗತ್ಯ ಇತ್ತಾ, ಅಷ್ಟು ಹೇಳು. ಅಣ್ಣ ಗಂಟಲು ಸರಿಮಾಡಿಕೊಂಡ ಸದ್ದು. ಅಗತ್ಯ ಏನಿರ್ಲಿಲ್ಲ ಸಾರ್, ಅಂಗಿ ತೋಳು ಸಿಕ್ಕಿಕೊಂಡಿತ್ತು ಅಷ್ಟೆ, ಮೇಡಂ ಗಾಬರಿ ಬಿದ್ರು— ಮೇಡಂ, ತಂಗಿಯಲ್ಲ, ಮೇಡಂ— ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಬಾಗಿಲ ಸಂದಿನಲ್ಲಿ ಅವನ ಬೆನ್ನು, ಊತ ಇಳಿದ ಕೈಯನ್ನು ಮೇಜಿನ ಮೇಲೆ ದೀಪದ ಬೆಳಕಿಗೆ ಎತ್ತಿ ಹಿಡಿದಿದ್ದಾನೆ, ಬೇಕಾದ್ರೆ ನೋಡಿ ಸಾರ್, ಏನಾಗಿದೆ ಇದಕ್ಕೆ, ಮಡಿಸುತ್ತಾನೆ, ಬಿಡಿಸುತ್ತಾನೆ, ಐದೂ ಬೆರಳು ಸರಿಯಾಗೇ ಇವೆ, ಮತ್ತೆ ಮಡಿಸುತ್ತಾನೆ, ಬಿಡಿಸುತ್ತಾನೆ, ಐದೂ ಬೆರಳು, ಐದೂ