ಎಡಗೈ ಜೇಬಿನಲ್ಲಿರಬೇಕು

ನನ್ನ ಷರತ್ತು ಒಂದೇ. ಕೆಟ್ಟ ಮೈಕ್ರೋವೇವ್ ಓವನ್ ಬಿಚ್ಚಿ ಮುಗಿಸುವವರೆಗೆ ಸೊಸೆಯ ಎಡಗೈ ಜೇಬಿನಲ್ಲೇ ಇರಬೇಕು. ಒಂದು ಸಲ ಹೊರಗೆ ಬಂದರೂ ನನ್ನ ರಿಪೇರಿ ಕೋಣೆಗೆ ಬೀಗ. ಡಿಗ್ರಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳಿಗೆ ಆ ಮೇಜು, ಆ ಮೀಟರುಗಳು ಬೇಕೇಬೇಕಿದ್ದವು. ಬೇರೆ ಕಡೆ ಸಿಗುವಂತಿರಲಿಲ್ಲ.

ನಾನೇನು ಸುಮ್ಮನೆ ತಲೆ ತಿನ್ನುವ ಮುದುಕನಲ್ಲ. ಪ್ಲಗ್ ಕಿತ್ತಮೇಲೂ ಓವನ್ನಿನ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತದೆ. ಎರಡೂ ಕೈ ತಾಗಿದರೆ ಅದು ಎದೆಯನ್ನು ಹಾದೇ ಹೋಗುತ್ತದೆ. ನನ್ನ ಜೊತೆ ಅಂಗಡಿ ಇಟ್ಟಿದ್ದವನು ಇದನ್ನು ಒಂದೇ ಒಂದು ಮಧ್ಯಾಹ್ನ ಮರೆತ. ಅವನ ಚಪ್ಪಲಿ ಸಂಜೆಯವರೆಗೂ ಅಂಗಡಿಯ ಬಾಗಿಲಲ್ಲೇ ಇತ್ತು.

ಇವಳದು ಬರೀ ಪುಸ್ತಕದ ಬದನೆಕಾಯಿ ಅಂದುಕೊಂಡಿದ್ದೆ. ನೋಡಿದರೆ ಈ ಪರೀಕ್ಷೆಗೆಂದೇ ಅಂಗಿಗೆ ಜೇಬು ಹೊಲಿದುಕೊಂಡು ಬಂದಿದ್ದಳು. ಬಲಗೈ ಒಂದರಲ್ಲೇ ಒಂದೊಂದಾಗಿ ಸ್ಕ್ರೂ ತೆಗೆದಳು. ಅವಳ ನಿಧಾನ ಕಂಡು ನನಗೆ ಮೈಯೆಲ್ಲ ಉರಿಯಿತು.

"ಮಾವ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ತಿದೀರಿ."

"ನಂಗೇ ಹೇಳಿಕೊಡ್ತೀಯಾ? ಕೆಲಸ ನೋಡು."

ರಬ್ಬರ್ ಹಿಡಿಯ ಉದ್ದನೆಯ ಸ್ಕ್ರೂಡ್ರೈವರನ್ನು ಕೆಪಾಸಿಟರಿನ ಎರಡು ತುದಿಗಳ ಹತ್ತಿರ ತಂದಳು. ಅವೆರಡನ್ನೂ ಒಟ್ಟಿಗೆ ಮುಟ್ಟಿಸಿದರೆ ಒಳಗಿನ ಕರೆಂಟು ಖಾಲಿ. ಅಷ್ಟರಲ್ಲಿ ಒಂದು ವೈರು ಜಾರಿ ಅಡ್ಡ ಬಿತ್ತು. ಅವಳ ಕೈ ನಿಂತಿತು. ನನಗೆ ತಡೆಯಲಾಗಲಿಲ್ಲ, ವೈರು ಸರಿಸಲು ಕೈ ಹಾಕಿಬಿಟ್ಟೆ.

ಮಣಿಕಟ್ಟಿನ ಮೇಲೆ ಚಟೀರನೆ ಏಟು ಬಿತ್ತು. ಎಡಗೈಯಲ್ಲಿ ಹೊಡೆದಿದ್ದಳು. ಈ ಮನೆಯಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಿದವರಿಲ್ಲ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಸ್ಕ್ರೂಡ್ರೈವರಿನಿಂದಲೇ ವೈರು ತಳ್ಳಿ ಎರಡು ತುದಿಗಳನ್ನೂ ಮುಟ್ಟಿಸಿದಳು.

ಫಟ್ ಎಂದು ನೀಲಿ ಕಿಡಿ ಹಾರಿತು.

ನನ್ನ ಬೆರಳು ಹೊರಟಿದ್ದದ್ದು ಅಲ್ಲಿಗೇ. ಇನ್ನೊಂದು ಕೈ ಓವನ್ನಿನ ತಗಡಿನ ಮೈ ಮೇಲಿತ್ತು, ಈಗಲೂ ಅಲ್ಲೇ ಇತ್ತು.

ಸೊಸೆ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಕೈ ಹೊರಗೆ ಬಂತು, ಮಾವ," ಅಂದಳು. "ಬೀಗ ಹಾಕ್ಕೊಳ್ಳಿ."

ಸ್ಟೂಲು ಎಳೆದುಕೊಂಡು ಕುಳಿತೆ. ಜೇಬಿನಲ್ಲಿ ಎರಡು ಸಲ ತಡಕಾಡಿದ ಮೇಲೆ ಕೋಣೆಯ ಕೀಲಿ ಸಿಕ್ಕಿತು. ಅದನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದೆ.

"ಇದು ನಿನ್ನ ಹತ್ರಾನೇ ಇರ್ಲಿ. ನಾನು ಕೇಳಿದ್ರೂ ಕೊಡಬೇಡ."