ಎಡಗೆನ್ನೆಯ ಬಿಳಿ ಮಚ್ಚೆ

ನೆಹರೂ ತೀರಿಕೊಂಡ ವರ್ಷ ದಾವಣಗೆರೆಯ ಆನೆಕೊಂಡದಲ್ಲಿ ಜನರ ಬಾಯಿ ನೋಡುವ ಕೆಲಸ ಶುರುವಾಯಿತು. ಹೊಗೆಸೊಪ್ಪು ತಿನ್ನುವವರ ಬಾಯಲ್ಲಿ ಕ್ಯಾನ್ಸರ್ ಹೇಗೆ ಹುಟ್ಟುತ್ತದೆಂದು ತಿಳಿಯಲು ದಿಲ್ಲಿ ಸರ್ಕಾರದ ಸಂಶೋಧನಾ ಮಂಡಳಿಯವರು ಹರಿಹರದಲ್ಲಿ ಒಂದು ಕೋಣೆ ಹಿಡಿದು, ಓಬಯ್ಯನೆಂಬ ನೌಕರನನ್ನು ಇಟ್ಟಿದ್ದರು. ಅವನು ಬೆಳಗಿನ ರೈಲಿಗೆ ಬಂದು ಮನೆಮನೆ ತಿರುಗುವನು.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಇಮಾಂಬೀಗೆ ಗಂಡ ತೀರಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಭಟ್ಟಿಯ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳದು. ಮನೆಗೆ ಬಂದರೆ ಮಾತಾಡಲು ಗೋಡೆ. ಅಂಥವಳ ಮುಂದೆ ಓಬಯ್ಯ ಕಾರ್ಡು ಹಿಡಿದು ಕೂತು, “ದಿನಕ್ಕ ಎಷ್ಟು ಸಲ ಹಾಕ್ತೀರಿ? ಯಾವ ದವಡಿಗೆ ಇಡ್ತೀರಿ? ಮಲಗೋ ಮುಂದ ಉಗುಳ್ತೀರೇನು?” ಎಂದು ಒಂದೊಂದಾಗಿ ಕೇಳಿದ. ಅವಳನ್ನು ಯಾರೂ ಇಷ್ಟು ಕೇಳಿರಲಿಲ್ಲ. ಎದ್ದುಹೋಗಿ ಎಲೆಅಡಿಕೆ, ಹೊಗೆಸೊಪ್ಪಿನ ತಟ್ಟೆ ತಂದಿಟ್ಟಳು.

“ಅವ್ವಾ, ಬಾಯಿ ನೋಡಾಕ ಬಂದೋನಿಗೇ ಹೊಗೆಸೊಪ್ಪು ಕೊಡ್ತೀರಲ್ರಿ!” ಎಂದು ಓಬಯ್ಯ ನಕ್ಕ.

“ಮನಿಗೆ ಬಂದೋರನ್ನ ಬರಿಗೈಲಿ ಕಳಿಸ್ಲೇನು?”

ಬ್ಯಾಟರಿ ಬಿಟ್ಟು ನೋಡಿದಾಗ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. “ಹೊಗೆಸೊಪ್ಪು ಬಿಡ್ರಿ. ಆರು ತಿಂಗಳಿಗೆ ಮತ್ತ ಬರ್ತೀನಿ” ಎಂದು ತಾರೀಖಿನ ಚೀಟಿ ಬರೆದುಕೊಟ್ಟ. ಎಂದೂ ಹೊಗೆಸೊಪ್ಪು ಮುಟ್ಟದ ಪಕ್ಕದ ಮನೆ ಶಹಜಾದಿಗೆ, “ನಿಮ್ಮ ಹೆಸರು ಹೊಡೆದೀನಿ, ನಿಮ್ಮ ಮನಿಗೆ ಇನ್ನು ಬರೋದಿಲ್ಲ” ಎಂದು ಹೇಳಿ ಹೋದ. ಅದು ಇಮಾಂಬೀಯ ಕಿವಿಗೆ ಬಿತ್ತು.

ಮಚ್ಚೆಗೆ ಹೆದರಿ ಅವಳು ಹೊಗೆಸೊಪ್ಪು ಬಿಟ್ಟೇಬಿಟ್ಟಳು. ಆದರೆ ಓಬಯ್ಯ ಬರುವ ದಿನ ಚಾಪೆ ಕೊಡವಿ ಹಾಸಿ, ಚಹಾಕ್ಕೆ ಹಾಲು ತಂದಿಟ್ಟ ಮೇಲೆ ಅವಳಿಗೆ ಭಯ ಬಂತು. ಬಿಟ್ಟೆನೆಂದರೆ ತನ್ನ ಹೆಸರನ್ನೂ ಶಹಜಾದಿಯ ಹೆಸರಿನ ಹಾಗೆ ಹೊಡೆದುಹಾಕಿಯಾರು. ಬಾಯಿ ವಾಸನೆ ಬರಲೆಂದು ಒಂದು ಚೂರು ಅಗಿದು ಉಗುಳಿ, “ಮೊದ್ಲಿನಂಗೇ ತಿಂತೀನ್ರಿ” ಎಂದಳು. ಮೂರು ಸಲ ಹಾಗೇ ಆಯಿತು. ಮೂರನೆಯ ಸಲ ಮಚ್ಚೆಯೇ ಇರಲಿಲ್ಲ. ಓಬಯ್ಯ ತಲೆ ಕೆರೆದುಕೊಂಡ.

“ತಿಂತಿದ್ರೂ ಮಾಯ್ದೈತೆ ಅಂತ ಬರೀತೀನವ್ವಾ. ಇಂಥವನ್ನೆಲ್ಲ ನೋಡೇ ದಿಲ್ಲಿಯೋರು, ಹೊಗೆಸೊಪ್ಪು ಬಿಡಬೇಕೋ ಬ್ಯಾಡೋ ಅಂತ ಜನಕ್ಕ ಹೇಳೋದು.”

ಆ ಮಾತು ಅವಳನ್ನು ಕೂಡಗೊಡಲಿಲ್ಲ. ಭಟ್ಟಿಯ ಹೆಂಗಸರ, ಹೊಗೆಸೊಪ್ಪು ಇಟ್ಟು ಉಬ್ಬಿದ ಕೆನ್ನೆಗಳೆಲ್ಲ ಕಣ್ಣಮುಂದೆ ಬಂದವು. ಶುಕ್ರವಾರ ಭಟ್ಟಿಗೆ ರಜೆ; ಹರಿಹರದ ರೈಲು ಹತ್ತಿದಳು.

ಕೋಣೆಯಲ್ಲಿ ಓಬಯ್ಯ ಒಬ್ಬನೇ ಇದ್ದ. ಹೊಗೆಸೊಪ್ಪು ಎಂದೋ ಬಿಟ್ಟಿದ್ದನ್ನೂ ಸುಳ್ಳಾಡಿದ್ದನ್ನೂ ನಿಂತೇ ಹೇಳಿದಳು. ಅವನು ಅವಳ ಕಾರ್ಡು ಹುಡುಕಿ ತೆಗೆದ.

“ಬಿಟ್ಟೋರು ಸಿಗವಲ್ರು ಅಂತ ನಾವೇ ಹುಡುಕ್ತಿದ್ವಿ. ಬಿಟ್ಟೀನಿ ಅಂದಿದ್ರೆ ಮೂರು ತಿಂಗಳಿಗೊಮ್ಮೆ ಬರ್ತಿದ್ದೆ. ಈಗ ಈ ಕಾರ್ಡು ನಂಬೋ ಹಂಗಿಲ್ಲ, ತೆಗೀಬೇಕು; ನಿಮ್ಮ ಮನಿಗೆ ಇನ್ನು ಬರೋ ಹಂಗಿಲ್ಲ. ಯಾಕ್ರೀ ಹಿಂಗ ಮಾಡಿದ್ರಿ?”

ಇಮಾಂಬೀ ಸೆರಗು ಎಳೆದುಕೊಂಡಳು. ಕಾರಣ ಇತ್ತು, ಪರ ಗಂಡಸಿನ ಮುಂದೆ ಆಡುವಂಥದ್ದಲ್ಲ.

ಓಬಯ್ಯ ಕಾರ್ಡಿನ ಮೇಲೆ ಕೆಂಪು ಗೀಟು ಎಳೆದ. ಆಮೇಲೆ ಏನೆನಿಸಿತೋ, ಬ್ಯಾಟರಿ ಎತ್ತಿಕೊಂಡು, “ಕೂಡ್ರಿ, ಅಷ್ಟು ದೂರದಿಂದ ಬಂದೀರಿ, ನೋಡಿಬಿಡ್ತೀನಿ” ಎಂದ. ನೋಡಿ, “ಏನೂ ಇಲ್ಲ, ಚೆಂದಾಗೈತೆ. ಆರಾಮಿರ್ರಿ ಇನ್ನ” ಎಂದು ಬ್ಯಾಟರಿ ಆರಿಸಿದ.

ಅವಳು ಏಳಲಿಲ್ಲ.

“ಬಲಗಡೇನೂ ಒಂದಿಷ್ಟು ನೋಡ್ರಿ” ಎಂದು ಮತ್ತೆ ಬಾಯಿ ತೆರೆದಳು.