ಆರು ಹಾಡಿನ ಬಣ್ಣ

ತಲೆಗೆ ಹಚ್ಚಿದ ಬಣ್ಣವನ್ನು ಎಷ್ಟು ಹೊತ್ತಿಗೆ ತೊಳೆಯಬೇಕೆಂಬುದು ಮನುಷ್ಯಕುಲದ ಅತಿ ಗಂಭೀರ ಪ್ರಶ್ನೆಗಳಲ್ಲೊಂದು. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ಪೋಸ್ಟ್‌ಮ್ಯಾನ್‌ಗಂತೂ ಆ ಮಧ್ಯಾಹ್ನ ಅದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ. ಐದು ಗಂಟೆಗೆ ಅವರು ಲೈಬ್ರರಿಯ ಮೇಡಂ ಹತ್ತಿರ ಹೋಗಿ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಬೇಕಿತ್ತು. ಪೋಸ್ಟ್‌ಮ್ಯಾನ್‌ಗೆ ಅರವತ್ತೆರಡು ವರ್ಷ.

ಬಣ್ಣಕ್ಕೆ ಕ್ಷೌರಿಕನ ಲೆಕ್ಕ ಆರು ಹಾಡು. ಗಡಿಯಾರವಿರುವುದು ಬೆನ್ನ ಹಿಂದಿನ ಗೋಡೆಯಲ್ಲಿ. ಕನ್ನಡಿಯಲ್ಲಿ ಉಲ್ಟಾ ಕಾಣುವ ಅದನ್ನು ನಂಬಿದ್ದಕ್ಕೆ ಒಮ್ಮೆ ಯಾರದೋ ಮೀಸೆ ಕೆಂಪಾಗಿತ್ತು. ಅಂದಿನಿಂದ ಫೋನಿನಲ್ಲಿ ಹಾಡು ಹಾಕಿ ಎಣಿಸುತ್ತಾನೆ. ನಡುನಡುವೆ ಯಾರದೋ ಶುಭೋದಯ, ಯಾವುದೋ ಅಂಗಡಿಯ ರಿಯಾಯಿತಿ ಟಿಣ್ ಎಂದು ಬಂದು ಹಾಡಿನ ಕತ್ತು ಹಿಸುಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಹಾಡು ಸುಧಾರಿಸಿಕೊಳ್ಳುತ್ತಿತ್ತು. ಇದನ್ನು ನೋಡಲಾರದೆ ಕ್ಷೌರಿಕನ ಸೊಸೆ ಮೊನ್ನೆ, ನೋಟಿಫಿಕೇಶನ್‌ಗಳ ಬಾಯಿ ಮುಚ್ಚಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದಳು. "ಇನ್ಮೇಲೆ ನೆಮ್ಮದಿ, ಮಾವ."

ಮೂರನೇ ಹಾಡಿನ ನಡುವೆ ಫೋನು ಸುಮ್ಮನಾಯಿತು. ತಾನಾಗಿ ಮರಳುತ್ತದೆ ಎಂದು ಕ್ಷೌರಿಕ ಹಳೆಯ ರೂಢಿಯಂತೆ ಕಾದ. ಆ ಮೌನದಲ್ಲಿ ಪೋಸ್ಟ್‌ಮ್ಯಾನ್ ಬಾಯಿಬಿಟ್ಟರು.

"ಮೂವತ್ತು ವರ್ಷ ಊರವರ ಕಾಗದ ಹಂಚಿದೀನಪ್ಪ. ನನ್ನದೊಂದು ಮಾತು ತಲುಪಿಸೋಕೆ ಧೈರ್ಯ ಬರ್ತಿಲ್ಲ."

"ಬೇಡ ಅಂದ್ಬಿಟ್ರೆ?"

"ಆಮೇಲೆ ಲೈಬ್ರರಿಗೂ ಹೋಗೋ ಹಾಗಿಲ್ಲ. ದಿನಾ ಹೋಗೋಕೆ ಇನ್ನೆಲ್ಲಿದೆ ನಂಗೆ?"

ಧೈರ್ಯ ತುಂಬಲು ಕ್ಷೌರಿಕ ತನ್ನ ಮದುವೆ ಕುದುರಿದ ಕತೆ ಹೇಳಿದ. ಅದು ಚಿಕ್ಕ ಕತೆಯಲ್ಲ; ಮುಗಿದಾಗಲೂ ಹಾಡು ಮರಳಿರಲಿಲ್ಲ, ಬಣ್ಣ ತಲೆಯ ಮೇಲೇ ಇತ್ತು.

ತೊಳೆದಾಗ ಕೂದಲು ಹೊಸ ಬೂಟಿನಂತೆ ಮಿರಮಿರ ಮಿಂಚಿತು. ಹಣೆಯಂಚಿನ ಕಪ್ಪು ಗೆರೆ ಯಾವ ಸೋಪಿಗೂ ಬಗ್ಗಲಿಲ್ಲ.

"ನನ್ನ ಫೋಟೋಗೆ ಯಾರೋ ಮಸಿ ಬಳಿದ ಹಾಗಿದೆ," ಎಂದು ಪೋಸ್ಟ್‌ಮ್ಯಾನ್ ಎದ್ದರು. ಐದಕ್ಕೆ ಹತ್ತು ನಿಮಿಷವಿತ್ತು.

ಹಾಡು ನಿಂತ ಸುದ್ದಿ ಕೇಳಿ ಸೊಸೆ ಮರುದಿನ ಅಂಗಡಿಗೇ ಬಂದು ಫೋನು ಪರೀಕ್ಷಿಸಿದಳು. "ತಪ್ಪು ನಂದೇ ಮಾವ. ಹಾಡ್ತಿರೋವಾಗ ಪ್ಲೇಯರ್ ಸ್ಕ್ರೀನಿನ ಮೇಲ್ಗಡೆ ತನ್ನದೊಂದು ನೋಟಿಫಿಕೇಶನ್ ಪಟ್ಟಿ ಇಟ್ಕೊಂಡಿರತ್ತೆ. ಅದನ್ನೂ ಈ ಆ್ಯಪ್ ಕಸ ಅಂತ ಗುಡಿಸಿದೆ. ಪಟ್ಟಿ ಇಲ್ಲ ಅಂದ್ರೆ ಯಾರೂ ಹಾಡ್ತಿಲ್ಲ ಅಂದ್ಕೊಂಡು ಫೋನು ಪ್ಲೇಯರನ್ನೇ ಮಲಗಿಸತ್ತೆ." ಅವಳ ದನಿ ಸಣ್ಣಗಾಯಿತು. "ಪಾಪ, ನನ್ನಿಂದ ಅವರ ಕೆಲಸ ಕೆಟ್ಟಿತೇನೋ."

ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಹಣೆಯ ಗೆರೆ ಇನ್ನೂ ಹಾಗೇ ಇತ್ತು.

"ನೋಡಿದ ಕೂಡ್ಲೇ ಮೇಡಂ ನಕ್ಕುಬಿಟ್ರಮ್ಮ, ಕಣ್ಣಲ್ಲಿ ನೀರು ಬರೋವಷ್ಟು. ನಂಗೂ ನಗು ತಡ್ಯೋಕಾಗ್ಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮರೆತು, ಮನಸ್ಸಲ್ಲಿದ್ದದ್ದನ್ನೇ ಹೇಳ್ದೆ." ಅವರು ಕುರ್ಚಿಯಲ್ಲಿ ಕೂತರು. "ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ."

ಕ್ಷೌರಿಕ ಎರಡು ಸಲ ಕೆಮ್ಮಿ, ಸೊಸೆಗೆ ಸ್ಟೂಲು ಎಳೆದು ಕೊಟ್ಟ. ಅವಳು ಕೂತು, ಪ್ಲೇಯರಿನ ಪಟ್ಟಿಯನ್ನು ಗುಡಿಸದಂತೆ ಆ್ಯಪಿಗೆ ಹೇಳಿದಳು.

ಮದುವೆ ಮುಂದಿನ ತಿಂಗಳು ಹನ್ನೊಂದನೇ ತಾರೀಕು ನಡೆಯಿತು.